ಸರ್ಕಲ್ಲಿನಲ್ಲಿ ಸೀಮೆಸುಣ್ಣದ ಚಿತ್ರ: 15ರ ಸಂಜೆಯಿಂದ ಯೋಚನೆ ಶುರು ಮಾಡಿ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಮ್ಮದು ಶಿಕಾರಿಪುರದ ಕಡೆ ಒಂದು ಸಣ್ಣ ಊರು. ನಾವು 12 ಜನ ಗೆಳೆಯರು, ಗೆಳತಿಯರು ಸೇರಿ ಈ ಸಲ ಸ್ವಾತಂತ್ರ್ಯ ದಿನಕ್ಕೆ ಊರಿನ ಸರ್ಕಲ್ಲಿನಲ್ಲಿ ಸೀಮೆಸುಣ್ಣದಿಂದ ದೊಡ್ಡ ಚಿತ್ರ ಬರೆಯಬೇಕು ಅಂದುಕೊಂಡಿದ್ದೇವೆ. 20 ಅಡಿ ಉದ್ದದ ತ್ರಿವರ್ಣ ಧ್ವಜ, ಅದರ ಪಕ್ಕ ಭಾರತದ ನಕ್ಷೆ, ಗಾಂಧೀಜಿ ಮುಖ. ಇಬ್ಬರಿಗೆ ಚೆನ್ನಾಗಿ ಚಿತ್ರ ಬರುತ್ತೆ, ಉಳಿದವರಿಗೆ ಉತ್ಸಾಹ ಇದೆ. 14ರ ರಾತ್ರಿ ಬರೆಯೋಣ ಅಂತ ಯೋಚನೆ. ಮಳೆ ಬಂದರೆ ಏನು ಮಾಡೋದು? ಮೇಲೆ ವಾರ್ನಿಷ್ ಹೊಡೆದರೆ ನಿಲ್ಲುತ್ತೆ ಅಂತ ಒಬ್ಬರು ಹೇಳಿದರು, ನಿಜವಾ? ಎಷ್ಟು ಚಾಕ್‌ಪೀಸ್ ಬೇಕಾಗಬಹುದು?

ಉತ್ತರ:

ನಮಸ್ಕಾರ. 12 ಜನ ಸೇರಿ ರಾತ್ರಿಯಿಡೀ ನೆಲದ ಮೇಲೆ ಕೂತು ಚಿತ್ರ ಬರೆಯೋದು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಖಂಡಿತ ಮಾಡಿ. ಆದರೆ ಚಾಕ್‌ಪೀಸ್ ಲೆಕ್ಕಕ್ಕೆ ಹೋಗುವ ಮೊದಲು ನಿಮ್ಮ ಚಿತ್ರದ ಬಗ್ಗೆಯೇ ಮಾತಾಡಬೇಕು. ಬಾವುಟ, ನಕ್ಷೆ, ಗಾಂಧೀಜಿ, ಈ ಮೂರನ್ನೂ ನೆಲದ ಮೇಲೆ ಬರೆಯಬೇಡಿ ಅಂತ ನನ್ನ ಮನವಿ.

ಯಾಕೆ ಅಂತ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಲು ಸೇರಿದ ಹೊಸದರಲ್ಲಿ, ಮಕ್ಕಳ ಜೊತೆ ಸೇರಿ ಮೈದಾನದ ಮುಂದಿನ ರಸ್ತೆಯಲ್ಲಿ ದೊಡ್ಡ ಬಾವುಟ ಬರೆಸಿದ್ದೆ. ಬೆಳಗ್ಗೆ ಎಲ್ಲರೂ ಹೊಗಳಿದರು. ಸಂಜೆ ಮನೆಗೆ ಹೋಗುವಾಗ ನೋಡಿದರೆ ಕೇಸರಿಯ ಮೇಲೆ ಬೈಕಿನ ಟೈರಿನ ಗುರುತು, ಬಿಳಿಯ ಮೇಲೆ ಸೆಗಣಿ. ನನ್ನ ಜೊತೆ ಬರೆದ ಒಬ್ಬ ಹುಡುಗಿ ಅಲ್ಲೇ ನಿಂತು ಅಳುತ್ತಿದ್ದಳು. ತಪ್ಪು ಬೈಕಿನವನದ್ದಲ್ಲ, ದನದ್ದೂ ಅಲ್ಲ, ನನ್ನದು. ಬೆಳಗಿನ ಎಂಟು ಗಂಟೆಯನ್ನಷ್ಟೇ ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಸಂಜೆ ಆರರ ಬಗ್ಗೆ ಯೋಚಿಸಿರಲಿಲ್ಲ.

ಅಂದಿನಿಂದ ನಾನು ಚಿತ್ರವನ್ನು ಸಂಜೆಯಿಂದ ಹಿಂದಕ್ಕೆ ಯೋಚಿಸುತ್ತೇನೆ. 15ರ ಸಂಜೆ ಈ ಚಿತ್ರದ ಮೇಲೆ ಯಾರು ನಡೆಯುತ್ತಾರೆ? ಮಳೆ ಬಂದು ಬಣ್ಣ ಹರಿದರೆ ಯಾವುದು ಹರಿಯುತ್ತದೆ? 16ರ ಬೆಳಗ್ಗೆ ಪೊರಕೆ ಹಿಡಿದು ಗುಡಿಸುವಾಗ ಕೈ ನಡುಗುತ್ತದಾ? ನಡುಗುತ್ತದೆ ಅಂದರೆ ಅದು ನೆಲಕ್ಕೆ ಬರೆಯುವ ಚಿತ್ರವಲ್ಲ.

ಬಾವುಟದ ವಿಷಯದಲ್ಲಿ ಕಾನೂನೂ ಸ್ಪಷ್ಟವಾಗಿದೆ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಲ್ಲಿ ರಾಷ್ಟ್ರಧ್ವಜ ಅಂದರೆ ಬಟ್ಟೆಯ ಬಾವುಟ ಮಾತ್ರ ಅಲ್ಲ. ಅದರ ಚಿತ್ರ, ಫೋಟೋ, ಯಾವುದೇ ವಸ್ತುವಿನಿಂದ ಮಾಡಿದ ರೂಪ, ಅದರ ಒಂದು ಭಾಗ ಕೂಡ ಅದರಲ್ಲಿ ಸೇರುತ್ತದೆ. ಬೇಕಂತಲೇ ಧ್ವಜ ನೆಲಕ್ಕೆ ತಾಗುವ ಹಾಗೆ ಮಾಡುವುದನ್ನೂ ಅದೇ ಕಾಯ್ದೆ ಅಪಮಾನದ ಸಾಲಿಗೆ ಸೇರಿಸುತ್ತದೆ. ನಿಮಗೆ ಅಪಮಾನ ಮಾಡುವ ಉದ್ದೇಶ ಇಲ್ಲ, ಅದು ನನಗೆ ಗೊತ್ತು. ಹಾಗಿದ್ದರೂ ಹಬ್ಬದ ದಿನ ಸ್ಟೇಷನ್ನಿನಲ್ಲಿ ಕೂತು ವಿವರಣೆ ಕೊಡುವ ಹಾಗಾಗಬಾರದು, ಅಲ್ವಾ?

ಕಾನೂನು ಬಿಡಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಏರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಕಡೆಯ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅವರು ಪ್ರಾಣ ಕೊಟ್ಟದ್ದು ಬಾವುಟ ಮೇಲೆ ಇರಲಿ ಅಂತ. ಹಾಗಾಗಿ ಬಾವುಟ ಕಂಬದ ಮೇಲೇ ಇರಲಿ. ಸಾಧ್ಯವಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟವನ್ನೇ ತರಿಸಿ. ನಿಮ್ಮ ಚಿತ್ರ ಅದರ ಕೆಳಗೆ, ನೆಲಕ್ಕೆ ಸಲ್ಲುವಂಥದ್ದಾಗಿರಲಿ.

ನಕ್ಷೆಯದ್ದು ಬೇರೆ ತೊಂದರೆ. ಕೈಯಲ್ಲಿ ದೊಡ್ಡದಾಗಿ ಬರೆಯುವಾಗ ಉತ್ತರದ ತುದಿ ಸೊಟ್ಟ ಆಗುತ್ತದೆ. ಅಂಡಮಾನ್, ಲಕ್ಷದ್ವೀಪ ಮರೆತೇ ಹೋಗುತ್ತವೆ. ತಪ್ಪು ಗಡಿಯ ನಕ್ಷೆಯ ಫೋಟೋ ಫೋನಿಂದ ಫೋನಿಗೆ ಹರಿದಾಡಿದರೆ ಸುಮ್ನೆ ರಗಳೆ. ಗಾಂಧೀಜಿ ಮುಖದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಯಾರ ಮುಖವನ್ನೂ ಕಾಲಡಿ ಬರೆಯಬೇಡಿ.

ಹಾಗಾದರೆ ಏನು ಬರೆಯಬೇಕು? ನೀವು ಇರುವ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಈಸೂರು ನಿಮ್ಮ ಪಕ್ಕದಲ್ಲೇ ಇದೆ. 1942ರಲ್ಲಿ ಆ ಹಳ್ಳಿಯವರು ತಾವು ಸ್ವತಂತ್ರರು ಅಂತ ಸಾರಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡರು. ಮುಂದಿನ ವರ್ಷ ಆ ಊರಿನ ಐದು ಜನರನ್ನು ಗಲ್ಲಿಗೆ ಹಾಕಿದರು. "ಏಸೂರ ಕೊಟ್ಟರೂ ಈಸೂರ ಕೊಡೆವು" ಅನ್ನುವ ಮಾತನ್ನು ನೀವು ಶಾಲೆಯಿಂದ ಕೇಳುತ್ತಲೇ ಬೆಳೆದಿರುತ್ತೀರಿ.

ಅದನ್ನು ಚಿತ್ರ ಮಾಡಿ. ಗಲ್ಲು ಬೇಡ, ಗುಂಡು ಬೇಡ. ಒಂದು ತೆರೆದ ಬಾಗಿಲು ಬರೆಯಿರಿ. ಮಲೆನಾಡ ಮನೆಯ ದಪ್ಪ ಮರದ ಬಾಗಿಲು. ಅದರಾಚೆ ಗದ್ದೆ, ಬೆಳಗಿನ ಬೆಳಕು, ಒಂದು ಎತ್ತಿನ ಗಾಡಿ. ಬಾಗಿಲ ಸುತ್ತ ಹಸೆ ಚಿತ್ತಾರದ ಅಂಚು. ಕೆಳಗೆ ಹೊಸ್ತಿಲು. ನಮ್ಮಲ್ಲಿ ಯಾರೂ ಹೊಸ್ತಿಲು ತುಳಿಯುವುದಿಲ್ಲ, ದಾಟುತ್ತಾರೆ. ನೋಡಿ, ನೆಲದ ಮೇಲೆ ಬರೆದ ಹೊಸ್ತಿಲನ್ನೂ ಜನ ದಾಟಿಯೇ ಹೋಗುತ್ತಾರೆ. ಮಕ್ಕಳಂತೂ ಹತ್ತು ಸಲ ಈಚೆಯಿಂದ ಆಚೆ ಹಾರುತ್ತಾರೆ. ಅವರು ಓಡಾಡಿದಷ್ಟೂ ಚಿತ್ರಕ್ಕೆ ಜೀವ ಬರುತ್ತದೆ, ಅಪಮಾನ ಆಗುವುದಿಲ್ಲ.

ಹಸೆ ಚಿತ್ತಾರ ನಿಮ್ಮ ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳ ಕಲೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಅದನ್ನು ಫೋನಿನಲ್ಲಿ ನೋಡಿ ನಕಲು ಮಾಡಬೇಡಿ. ಬರೆಯಲು ಬರುವ ಒಬ್ಬ ಅಮ್ಮನನ್ನೋ ಅಕ್ಕನನ್ನೋ ಹುಡುಕಿ ಕರೆತನ್ನಿ. ಕೂರಲು ಮಣೆ ಕೊಡಿ, ಅವರು ಹೇಳಿದ ಹಾಗೆ ಗೆರೆ ಎಳೆಯಿರಿ. ಅವರು ಬಳಸುವ ಪುಂಡಿ ನಾರಿನ ಕುಂಚ ನಿಮಗೂ ಉಪಯೋಗಕ್ಕೆ ಬರುತ್ತದೆ. ನೀರಲ್ಲಿ ಕಲಸಿದ ಸೀಮೆಸುಣ್ಣದಿಂದ ಸಣ್ಣ ಗೆರೆ ಎಳೆಯಲು ಅಂಗಡಿಯ ಬ್ರಷ್ಷಿಗಿಂತ ಅದು ಚೆನ್ನ.

ಅಕ್ಷರ ಬರೆಯುವುದಾದರೆ ಜನ ಓಡಾಡದ ಅಂಚಿನಲ್ಲಿ ಬರೆಯಿರಿ, ಇಲ್ಲವೇ ಪಕ್ಕದಲ್ಲಿ ಒಂದು ಹಲಗೆ ನಿಲ್ಲಿಸಿ. ಅಕ್ಷರ ತುಳಿಯಲು ನಮ್ಮ ಹಿರಿಯರಿಗೆ ಮನಸ್ಸು ಬರುವುದಿಲ್ಲ. ಕೇಸರಿ, ಬಿಳಿ, ಹಸಿರು ಬೇಕೇ ಬೇಕು ಅನ್ನಿಸಿದರೆ ಪಟ್ಟೆ ಮಾಡಬೇಡಿ. ಕೇಸರಿಯನ್ನು ಚೆಂಡು ಹೂವಿಗೆ, ಬಿಳಿಯನ್ನು ಚಿತ್ತಾರದ ಗೆರೆಗೆ, ಹಸಿರನ್ನು ಗದ್ದೆಗೆ ಹಂಚಿ. ನೋಡುವವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಇನ್ನು ಜಾಗ. ಸರ್ಕಲ್ಲಿನ ನಡುವೆ ಅಂದರೆ ಯಾವ ನೆಲ ಅಂತ ನೀವು ಬರೆದಿಲ್ಲ. ಹಳೆಯ, ನುಣ್ಣಗೆ ಸವೆದ ಡಾಂಬರು ಆದರೆ ಅದೃಷ್ಟ. ಕಪ್ಪು ನೆಲವೇ ನಿಮಗೆ ನೆರಳಿನ ಬಣ್ಣ. ಜಲ್ಲಿ ಎದ್ದ ಡಾಂಬರು ಚಾಕ್‌ಪೀಸನ್ನು ಅರೆಯುವ ಕಲ್ಲಿನ ಹಾಗೆ ತಿಂದು ಹಾಕುತ್ತದೆ, ಬಣ್ಣ ಮಾತ್ರ ಕೂರುವುದಿಲ್ಲ. ಹೊಸ ಡಾಂಬರಿನಲ್ಲಿ ಎಣ್ಣೆ ಪಸೆ ಇರುತ್ತದೆ, ಅದೂ ಬೇಡ. ಪ್ರತಿಮೆಯ ಸುತ್ತ ಪಾಲಿಶ್ ಮಾಡಿದ ಗ್ರಾನೈಟ್ ಇದ್ದರೆ ಅದರ ಮೇಲೆ ಸೀಮೆಸುಣ್ಣ ಜಾರುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಇದ್ದರೆ ಬರೆಯಬಹುದು. ಆದರೆ ಸಂದುಗಳಲ್ಲಿ ಗೆರೆ ತುಂಡಾಗುತ್ತದೆ, ಅದಕ್ಕೆ ಸಣ್ಣ ವಿವರ ಬಿಟ್ಟು ದೊಡ್ಡ ಆಕಾರಗಳನ್ನೇ ಇಟ್ಟುಕೊಳ್ಳಿ.

ಇಳಿಜಾರು ನೋಡುವುದು ಎಲ್ಲಕ್ಕಿಂತ ಮುಖ್ಯ. ಕಣ್ಣಿಗೆ ಸಮ ಕಾಣುವ ನೆಲ ನೀರಿಗೆ ಸಮ ಇರುವುದಿಲ್ಲ. ಒಂದು ಬಕೆಟ್ ನೀರು ಸುರಿದು ನಿಂತು ನೋಡಿ. ನೀರು ಎಲ್ಲಿಂದ ಎಲ್ಲಿಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿ. ನಿಲ್ಲುವ ಜಾಗ ಬಿಟ್ಟು ಅದಕ್ಕಿಂತ ಮೇಲಿನ ಜಾಗ ಹಿಡಿಯಿರಿ.

ಅನುಮತಿ ಬಾಯಿಮಾತಿನಲ್ಲಿ ಬೇಡ. ಊರು ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಸೇರಿದ್ದರೆ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿ ಆದರೆ ಪಿಡಿಒ ಅವರಿಗೆ ಅರ್ಜಿ ಕೊಡಿ. ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಸ್ತೆ ಲೋಕೋಪಯೋಗಿ ಇಲಾಖೆಯದ್ದಾದರೆ ಅವರಿಗೂ ಒಂದು. ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಿಂದಲೇ ಒಂದು ಕಾಯ್ದೆ ಇದೆ. ಅರ್ಜಿಯಲ್ಲಿ "ಸೀಮೆಸುಣ್ಣದ ಚಿತ್ರ, 16ರಂದು ನಾವೇ ತೊಳೆದು ಕೊಡುತ್ತೇವೆ" ಅಂತ ಸ್ಪಷ್ಟವಾಗಿ ಬರೆಯಿರಿ. ಆ ಒಂದು ಸಾಲು ಇದ್ದರೆ ಅರ್ಧ ಕೆಲಸ ಆದ ಹಾಗೆ. ಬಸ್ಸು, ಲಾರಿ ತಿರುಗುವ ಕಡೆ ಬೇಡವೇ ಬೇಡ. ರಾತ್ರಿ ಕೂತು ಬರೆಯುವವರು ಡ್ರೈವರಿನ ಕಣ್ಣಿಗೆ ಬೀಳುವುದಿಲ್ಲ. ಬ್ಯಾರಿಕೇಡ್ ಕೇಳಿ ಪಡೆಯಿರಿ, ಇಬ್ಬರು ಬರೆಯದೆ ಕಾವಲಿಗೇ ಇರಲಿ.

ಎಷ್ಟು ಚಾಕ್‌ಪೀಸ್ ಅಂತ ಕೇಳಿದ್ದೀರಿ. ನಾನು ಒಂದು ಸಂಖ್ಯೆ ಹೇಳಿದರೆ ಅದು ನನ್ನ ಶಾಲೆಯ ನೆಲದ ಸಂಖ್ಯೆ ಆಗುತ್ತದೆ. ನೀವು ಆರಿಸಿದ ಜಾಗದಲ್ಲೇ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕ ಬರೆದು ಬಣ್ಣ ಗಟ್ಟಿಯಾಗಿ ತುಂಬಿ. ಎಷ್ಟು ಖರ್ಚಾಯಿತು ಎಣಿಸಿ. 20 ಅಡಿ, 15 ಅಡಿಯ ಚಿತ್ರದಲ್ಲಿ ಅಂಥ 300 ಚೌಕ ಇರುತ್ತವೆ. ಅದರಲ್ಲಿ ಮೂರನೇ ಒಂದು ಭಾಗ ಬರೀ ಕಪ್ಪು ನೆಲವಾಗಿ ಬಿಡುವ ಹಾಗೆ ಚಿತ್ರ ಯೋಚಿಸಿದರೆ 200ಕ್ಕೆ ಬಣ್ಣ ಬೇಕು. 200ರಿಂದ ಗುಣಿಸಿ, ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಈ ಅಳತೆ ಮೀರಬೇಡಿ.

ಶಾಲೆಯ ತೆಳು ಚಾಕ್‌ಪೀಸಿನಿಂದ ಪೂರ್ತಿ ಚಿತ್ರ ತುಂಬಲು ಹೋದರೆ ಬೆರಳು ಸವೆಯುತ್ತದೆ, ಬಣ್ಣವೂ ಪೇಲವ. ಅದು ಗೆರೆಗೆ ಮಾತ್ರ. ತುಂಬಲು ದಪ್ಪ ಕೋಲುಗಳನ್ನು ನೀವೇ ಮಾಡಿಕೊಳ್ಳಿ. ಎರಡು ಅಳತೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಅಳತೆ ನೀರು. ಬಣ್ಣದ ಪುಡಿಯನ್ನು ಮೊದಲು ನೀರಿಗೆ ಕಲಸಿ, ಆಮೇಲೆ ಪ್ಲಾಸ್ಟರನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಕದಡಿ. ಒಂದು ಇಂಚಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಒಳಗೆ ಎಣ್ಣೆ ಕಾಗದ ಸುತ್ತಿ ಎರಕ ಹೊಯ್ಯಿರಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿ ಆಗುತ್ತದೆ, ಬರಿಗೈ ಅದ್ದಬೇಡಿ. ಉಳಿದದ್ದನ್ನು ಮೋರಿಗೋ ಸಿಂಕಿಗೋ ಸುರಿಯಬೇಡಿ, ಒಳಗೆ ಕಲ್ಲಾಗಿ ಕೂರುತ್ತದೆ. ಬೇಸಿಗೆಯಲ್ಲಾದರೆ ಎರಡು ಮೂರು ದಿನಕ್ಕೆ ಒಣಗುತ್ತವೆ. ನಿಮ್ಮಲ್ಲಿ ಆಗಸ್ಟ್ ಅಂದರೆ ಒಂದು ವಾರವಾದರೂ ಬೇಕು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೇಗ ಆಗುತ್ತದೆ. ಹಾಗಾಗಿ ಜುಲೈ ಕೊನೆಗೇ ಎರಕ ಹೊಯ್ದು ಮುಗಿಸಿ.

ಅಂಗಡಿಯ ಸಾಫ್ಟ್ ಪೇಸ್ಟಲ್, ಅಂದರೆ ಮೆತ್ತನೆಯ ಬಣ್ಣದ ಕಡ್ಡಿ, ಒಂದು ಡಬ್ಬ ಇದ್ದರೆ ಸಾಕು. ಬೆಳಕಿನ ಅಂಚು, ಹೂವಿನ ನಡು, ಕೊನೆಯ ಹತ್ತು ನಿಮಿಷದ ಕೆಲಸ, ಅಲ್ಲಿಗೆ ಮಾತ್ರ. ಕಪ್ಪಿಗೆ ಒಲೆಯ ಇದ್ದಿಲು. ಹೋಳಿ ಬಣ್ಣ ತರಬೇಡಿ. ಅದು ಕಾಂಕ್ರೀಟಿಗೆ ಹಿಡಿದರೆ ತಿಂಗಳುಗಟ್ಟಲೆ ಹೋಗದೇ ಇರಬಹುದು. ರಂಗೋಲಿಯ ಬಣ್ಣದ ಪುಡಿಯನ್ನೂ ಒಂದು ಮೂಲೆಯಲ್ಲಿ ಹಾಕಿ, ನೀರು ಬಿಟ್ಟು, ತೊಳೆದು ನೋಡಿಯೇ ಬಳಸಿ. ಮಿಂಚುವ ಪ್ಲಾಸ್ಟಿಕ್ ಚೂರು ಬೇಡ, ಅದೆಲ್ಲ ಕೊನೆಗೆ ಕೆರೆಗೆ ಹೋಗುತ್ತದೆ.

ಈಗ ಚಿತ್ರವನ್ನು ನೆಲಕ್ಕೆ ಇಳಿಸುವುದು. ಇದನ್ನು ಗಾರೆ ಕೆಲಸದವರಿಂದ ಕಲಿಯಿರಿ. ಮೊದಲು ಮನೆಯಲ್ಲಿ 20 ಇಂಚು, 15 ಇಂಚಿನ ಕಾಗದದಲ್ಲಿ ಚಿತ್ರ ಬರೆದು ಇಂಚಿಗೊಂದು ಚೌಕ ಎಳೆಯಿರಿ. ನೆಲದ ಮೇಲೆ ಅಡಿಗೊಂದು ಚೌಕ. ಒಂದು ಇಂಚು ಅಂದರೆ ಒಂದು ಅಡಿ. ಯಾವ ಚೌಕದಲ್ಲಿ ಏನಿದೆಯೋ ಅದನ್ನೇ ಅಲ್ಲಿ ಬರೆದರೆ ಆಯಿತು. ಚಿತ್ರ ಬಾರದ ಹತ್ತು ಜನರಿಗೂ ಇದರಿಂದ ಕೆಲಸ ಸಿಗುತ್ತದೆ. ಅವರು ಬಾಗಿಲು ಬರೆಯುತ್ತಿಲ್ಲ, ಒಂದು ಚೌಕದೊಳಗಿನ ಎರಡು ಗೆರೆ ಬರೆಯುತ್ತಿದ್ದಾರೆ ಅಷ್ಟೇ.

ಚೌಕ ಸೊಟ್ಟ ಆದರೆ ಎಲ್ಲವೂ ಸೊಟ್ಟ. ಮೂಲೆ ಸರಿ ಇದೆಯಾ ಅಂತ ನೋಡಲು 3-4-5 ಅಳತೆ ಸಾಕು. ಮೂಲೆಯಿಂದ ಒಂದು ಕಡೆ 3 ಅಡಿಗೆ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ದೊಡ್ಡ ಚಿತ್ರಕ್ಕೆ ಇದನ್ನೇ 9-12-15 ಮಾಡಿ, ತಪ್ಪು ಇನ್ನೂ ಕಡಿಮೆ ಆಗುತ್ತದೆ. ಗೆರೆ ಎಳೆಯಲು ಹತ್ತಿಯ ನೂಲಿಗೆ ಸೀಮೆಸುಣ್ಣದ ಪುಡಿ ಸವರಿ. ಎರಡು ತುದಿ ಬಿಗಿಯಾಗಿ ಹಿಡಿದು ನಡುವೆ ಮೀಟಿ ಬಿಡಿ. ಒಂದೇ ಏಟಿಗೆ 20 ಅಡಿಯ ನೇರ ಗೆರೆ ನೆಲದ ಮೇಲೆ ಮೂಡುತ್ತದೆ. ಆ ಗೆರೆ ಮೂಡುವುದನ್ನು ನೋಡುವುದೇ ಒಂದು ಖುಷಿ.

ಗಾಡಿಯ ಗಾಲಿಗೆ ಒಂದು ಮೊಳೆ, ಒಂದು ದಾರ. ಸುತ್ತು ಎಳೆದ ಮೇಲೆ ಅದೇ ದಾರದ ಅಳತೆಯನ್ನು ಸುತ್ತಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಇಡುತ್ತಾ ಹೋಗಿ. ಸರಿಯಾಗಿ ಆರನೇ ಹೆಜ್ಜೆಗೆ ಶುರು ಮಾಡಿದಲ್ಲಿಗೇ ಬರುತ್ತೀರಿ. ಪ್ರತಿ ಎರಡು ಗುರುತಿನ ನಡುವೆ ಇನ್ನೊಂದು ಗುರುತು ಹಾಕಿದರೆ 12. ಗಾಲಿಯ ಕಡ್ಡಿಗಳು ಸಮನಾಗಿ ಕೂತವು.

ಬಾಗಿಲು ಎದ್ದು ನಿಂತ ಹಾಗೆ ಕಾಣಬೇಕಾ? ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆ ಇಟ್ಟು, ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿ ವೇಷದ ನಟನನ್ನು ಚಂದ್ರನ ಮೇಲೆ ನಡೆದ ಹಾಗೆ ನಡೆಸಿ ತೋರಿಸಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ನೋಡಿ ಇಂಥ ಆಸೆ ಬರುವುದು ಸಹಜ. ಒಂದೇ ಜಾಗದಿಂದ ನೋಡಿದಾಗ ಎದ್ದು ನಿಲ್ಲುವ ಚಿತ್ರದ ಹಿಂದೆ ಒಂದು ಸಣ್ಣ ಲೆಕ್ಕ ಇದೆ. ನೋಡುವವರ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ, ಚಿತ್ರದ ಬುಡ ಅವರಿಂದ 10 ಅಡಿ ದೂರದಲ್ಲಿದೆ ಅಂದುಕೊಳ್ಳಿ. ಒಂದು ಅಡಿ ಎತ್ತರ ಕಾಣಬೇಕಾದರೆ ನೆಲದ ಮೇಲೆ ಎರಡೂವರೆ ಅಡಿ ಉದ್ದಕ್ಕೆ ಬರೆಯಬೇಕು. ಎರಡೂವರೆ ಅಡಿ ಎತ್ತರ ಕಾಣಬೇಕಾದರೆ 10 ಅಡಿ ಉದ್ದಕ್ಕೆ. ನಾಲ್ಕು ಅಡಿ ಎತ್ತರ ಬೇಕು ಅಂದರೆ 40 ಅಡಿ! ಎತ್ತರ ಕಣ್ಣಿನ ಮಟ್ಟಕ್ಕೆ ಹತ್ತಿರ ಬಂದಷ್ಟೂ ಉದ್ದ ಓಡುತ್ತದೆ. ದೂರ ಹೋದಂತೆ ಅಗಲವನ್ನೂ ಅದೇ ಲೆಕ್ಕದಲ್ಲಿ ಹಿಗ್ಗಿಸಬೇಕು. ಅದಕ್ಕೇ ನಿಮ್ಮ ಮೊದಲ ಚಿತ್ರದಲ್ಲಿ ಇಡೀ ಬಾಗಿಲಿಗೆ ಇದನ್ನು ಮಾಡಬೇಡಿ. ಹೊಸ್ತಿಲ ಪಕ್ಕ ಒಂದು ಅಡಿ ಎತ್ತರದ ತಂಬಿಗೆಯನ್ನೋ ಬತ್ತದ ಕಂತೆಯನ್ನೋ ಮಾತ್ರ ಎಬ್ಬಿಸಿ. ಒಬ್ಬರು ನೋಡುವ ಜಾಗದಲ್ಲಿ ಫೋನನ್ನು ಕೋಲಿಗೆ ಕಟ್ಟಿ ನಿಲ್ಲಿಸಿ ಪರದೆ ನೋಡುತ್ತಾ ಹೇಳಲಿ, ಇನ್ನೊಬ್ಬರು ನೆಲದಲ್ಲಿ ತಿದ್ದಲಿ. ಆ ಜಾಗಕ್ಕೆ ಎರಡು ಪಾದದ ಗುರುತು ಬರೆಯಿರಿ. ಜನ ತಾವಾಗಿ ಬಂದು ಅಲ್ಲೇ ನಿಲ್ಲುತ್ತಾರೆ.

ರಾತ್ರಿಯಿಡೀ ಬರೆಯುವ ನಿಮ್ಮ ಯೋಚನೆ ಒಳ್ಳೆಯದೇ. ನೀವು ಬರೆಯುವ ಅದೇ ರಾತ್ರಿ ಇಟಲಿಯಲ್ಲೂ ಜನ ನೆಲದ ಮೇಲೆ ಕೂತು ಬರೆಯುತ್ತಿರುತ್ತಾರೆ. ಅಲ್ಲೂ ಆಗಸ್ಟ್ 15 ದೇಶಕ್ಕೆಲ್ಲ ರಜೆ, ಮೇರಿ ಮಾತೆಯ ಹಬ್ಬ. ಮಾಂಟೋವಾ ಪಟ್ಟಣದ ಹತ್ತಿರ ಗ್ರಾತ್ಸಿಯೆ ಅನ್ನುವ ಊರಲ್ಲಿ 1973ರಿಂದ ಚರ್ಚಿನ ಮುಂದಿನ ಬಯಲಿನಲ್ಲಿ ಸೀಮೆಸುಣ್ಣದ ಚಿತ್ರಗಾರರು ಸೇರುತ್ತಾರೆ. ಅವರನ್ನು ಮಡೊನ್ನಾರಿ ಅನ್ನುತ್ತಾರೆ, ಮೇರಿಯ ಚಿತ್ರ ಬರೆಯುತ್ತಾ ಊರೂರು ಅಲೆಯುತ್ತಿದ್ದ ಬೀದಿ ಚಿತ್ರಗಾರರಿಂದ ಬಂದ ಹೆಸರು. ಅವರ ಪದ್ಧತಿ ಅವರದು, ಅಲ್ಲಿ ದೇವರ ಚಿತ್ರವೂ ನೆಲಕ್ಕೇ ಬರುತ್ತದೆ. ಆದರೆ ಅವರ ಕೆಲಸದ ಕ್ರಮದಿಂದ ನಾವು ಕಲಿಯುವುದು ಬಹಳ ಇದೆ.

ಕ್ರಮ ಹೀಗೆ. ಮೊದಲು ನೆಲ ಗುಡಿಸಿ, ಧೂಳು ಪೂರ್ತಿ ತೆಗೆಯಿರಿ. ಸೀಮೆಸುಣ್ಣ ಧೂಳಿಗೆ ಅಂಟಿದರೆ ಧೂಳಿನ ಜೊತೆಯೇ ಹಾರಿ ಹೋಗುತ್ತದೆ. ಗೆರೆ ಮುಗಿದ ಮೇಲೆ ದೊಡ್ಡ ಭಾಗಗಳಿಗೆ ತಳದ ಬಣ್ಣ ಕೊಡಿ. ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ, ಒಂದೆರಡು ಚಮಚ ಅನ್ನದ ಗಂಜಿ ಸೇರಿಸಿ, ಅಗಲ ಬ್ರಷ್ಷಿನಿಂದ ಬಳಿಯಿರಿ. ಗಂಜಿ ಜಾಸ್ತಿ ಆದರೆ ಬಿರುಕು ಬಿಡುತ್ತದೆ. ತಳ ಒಣಗಿದ ಮೇಲೆ ಒಣ ಕೋಲಿನಿಂದ ಬಣ್ಣ ತುಂಬಿ. ಬಣ್ಣ ಬೆರೆಸಲು ಬರಿ ಬೆರಳು ಬೇಡ, ಡಾಂಬರು ಚರ್ಮ ಕೀಳುತ್ತದೆ. ಹಳೆಯ ಕಾಲುಚೀಲ ಕೈಗೆ ಹಾಕಿಕೊಂಡು ತಿಕ್ಕಿ. ಎಲ್ಲಿ ಬಣ್ಣ ಹೊಳೆಯಬೇಕೋ ಅಲ್ಲಿ ಕೋಲಿನ ತುದಿ ನೀರಿಗೆ ಅದ್ದಿ ಒತ್ತಿ ಬರೆಯಿರಿ. ಚಿತ್ರದ ಮೇಲ್ಭಾಗದಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯಿರಿ, ಇಲ್ಲದಿದ್ದರೆ ನಿಮ್ಮ ಮೊಣಕಾಲೇ ಚಿತ್ರ ಅಳಿಸುತ್ತದೆ. ಮೊಣಕಾಲ ಕೆಳಗೆ ಮಡಚಿದ ಗೋಣಿಚೀಲ ಇರಲಿ. ದೀಪ ಒಂದೇ ಕಡೆಯಿಂದ ಇದ್ದರೆ ನಿಮ್ಮ ನೆರಳಲ್ಲೇ ನೀವು ಬರೆಯುತ್ತೀರಿ, ಎದುರು ಬದುರು ಎರಡು ಇಡಿ. ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿ.

ರಾತ್ರಿ ಅಂದರೂ 14ರ ಮಧ್ಯಾಹ್ನ ಮೂರಕ್ಕೇ ಚೌಕ ಹಾಕಲು ಶುರು ಮಾಡಿ. ಚೌಕ ಮತ್ತು ಗೆರೆ ಹಗಲಲ್ಲಿ ಮುಗಿಯಬೇಕು. ನಿದ್ದೆಗಣ್ಣಲ್ಲಿ ಅಳತೆ ತಪ್ಪುತ್ತದೆ, ಬಣ್ಣ ತುಂಬುವುದು ತಪ್ಪುವುದಿಲ್ಲ.

ಮಳೆಯ ವಿಷಯಕ್ಕೆ ಬಂದೆ. ವಾರ್ನಿಷ್ ಬೇಡ. ಹೇರ್ ಸ್ಪ್ರೇ ಹೊಡೆದರೂ ಅಷ್ಟೇ, ಜೋರು ಮಳೆಗೆ ನಿಲ್ಲುವುದಿಲ್ಲ. ವಾರ್ನಿಷ್ ಅಂತೂ ಬಣ್ಣವನ್ನು ಮಂಕು ಮಾಡುತ್ತದೆ, ನೆಲ ಜಾರುತ್ತದೆ, ಆಮೇಲೆ ತೊಳೆದರೂ ಹೋಗುವುದಿಲ್ಲ. ಆಗ ನೀವು ಅರ್ಜಿಯಲ್ಲಿ ಬರೆದ ಮಾತು ಸುಳ್ಳಾಗುತ್ತದೆ. ಅಂಗಳದಲ್ಲಿ ಬೆಳಗ್ಗೆ ಹಾಕಿದ ರಂಗೋಲಿಗೆ ನಮ್ಮ ಅಮ್ಮ ಯಾವತ್ತೂ ಏನೂ ಬಳಿಯಲಿಲ್ಲ. ನಾಳೆ ಹೊಸದು ಹಾಕುತ್ತೇನೆ ಅನ್ನುವ ಧೈರ್ಯ ಅವಳಿಗಿತ್ತು.

ಮಾಡಬಹುದಾದ್ದು ಇಷ್ಟು. ಬಿದಿರಿನ ಗಳ ನೆಟ್ಟು ಟಾರ್ಪಾಲನ್ನು ಇಳಿಜಾರಾಗಿ, ಎತ್ತರಕ್ಕೆ ಕಟ್ಟಿ. ಡಾಂಬರಿಗೆ ಗುಂಡಿ ತೋಡಬೇಡಿ, ಮರಳು ತುಂಬಿದ ಎಣ್ಣೆ ಡಬ್ಬಗಳಲ್ಲಿ ಗಳ ನಿಲ್ಲಿಸಿ. ಟಾರ್ಪಾಲನ್ನು ಚಿತ್ರದ ಮೇಲೆ ಹಾಸಿದರೆ ಬಣ್ಣವೆಲ್ಲ ಅದಕ್ಕೇ ಅಂಟಿ ಬರುತ್ತದೆ. ಇಳಿಜಾರಿನ ಮೇಲ್ಭಾಗದಲ್ಲಿ ಮರಳು ಚೀಲಗಳನ್ನು ಗದ್ದೆಯ ಬದುವಿನ ಹಾಗೆ ಓರೆಯಾಗಿ ಸಾಲಾಗಿ ಇಡಿ, ಹರಿದು ಬರುವ ನೀರು ಪಕ್ಕಕ್ಕೆ ತಿರುಗಿ ಹೋಗುತ್ತದೆ. ಮೇಲಿಂದ ಬೀಳುವ ಮಳೆಗಿಂತ ನೆಲದ ಮೇಲೆ ಹರಿದು ಬರುವ ನೀರೇ ಚಿತ್ರಕ್ಕೆ ಜಾಸ್ತಿ ಹಾನಿ ಮಾಡುವುದು.

ನಿಮ್ಮ ಕಡೆಯ ಆಗಸ್ಟ್ ಮಳೆಯನ್ನು ನಂಬುವ ಹಾಗಿಲ್ಲ, ಅದಕ್ಕೆ ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿರಿ. 8 ಅಡಿ, 4 ಅಡಿಯ ಪ್ಲೈವುಡ್ ಹಾಳೆ ಆರು ಬಾಡಿಗೆಗೋ ಎರವಲಿಗೋ ಸಿಗುತ್ತವಾ ನೋಡಿ. ಬಾಡಿಗೆಯ ಹಾಳೆಗೆ ಬಣ್ಣ ಬಳಿಯಬಹುದಾ ಅಂತ ಮೊದಲೇ ಕೇಳಿ. ಕಪ್ಪು ಹಲಗೆಯ ಬಣ್ಣ ಬಳಿದು ಜೋಡಿಸಿದರೆ 16 ಅಡಿ, 12 ಅಡಿಯ ಹಲಗೆ ಆಯಿತು. 14ರ ಸಂಜೆ ಮೋಡ ಕಪ್ಪಗಿದ್ದರೆ ಶಾಲೆಯ ಜಗಲಿಯಲ್ಲೋ ಶಾಮಿಯಾನದ ಕೆಳಗೋ ಅದರ ಮೇಲೆ ಬರೆಯಿರಿ. ಅಡಿಗೊಂದು ಚೌಕದ ಬದಲು ಒಂಬತ್ತೂವರೆ ಇಂಚಿಗೊಂದು ಚೌಕ ಹಾಕಿದರೆ ಅದೇ ಕಾಗದದ ಚಿತ್ರ ಅದರಲ್ಲಿ ಕೂರುತ್ತದೆ. ಬೆಳಗ್ಗೆ ಮಳೆ ನಿಂತರೆ ಹೊತ್ತು ತಂದು ಸರ್ಕಲ್ಲಿನಲ್ಲಿ ಇಡಬಹುದು.

ಇಷ್ಟೆಲ್ಲ ಮಾಡಿಯೂ ಬೆಳಗಿನ ನಾಲ್ಕಕ್ಕೆ ಮಳೆ ಸುರಿದು ಅರ್ಧ ಚಿತ್ರ ಹೋಯಿತು ಅನ್ನಿ. ಕೂತು ಬೇಸರ ಮಾಡಿಕೊಳ್ಳಬೇಡಿ. ಒದ್ದೆ ನೆಲವನ್ನು ಬಟ್ಟೆಯಿಂದ ಒರೆಸಿ, ಹೊಸ್ತಿಲು ಮತ್ತು ಚಿತ್ತಾರದ ಅಂಚನ್ನು ಮಾತ್ರ ನೀರು ಕಲಸಿದ ಬಿಳಿಯಿಂದ ಮತ್ತೆ ಎಳೆಯಿರಿ. ನೆಲ ಒಣಗಿದಂತೆ ಬಿಳಿ ಎದ್ದು ಬರುತ್ತದೆ. ಧ್ವಜ ಏರುವ ಹೊತ್ತಿಗೆ ಒಂದು ಬಾಗಿಲಂತೂ ಇರುತ್ತದೆ. ಚಿತ್ರ ಮುಗಿದ ಕೂಡಲೇ, ಎಷ್ಟೇ ಹೊತ್ತಾಗಿರಲಿ, ಹತ್ತಿರದ ಮಾಳಿಗೆ ಹತ್ತಿ ಫೋಟೋ ತೆಗೆದುಕೊಳ್ಳಿ. ಬೆಳಗ್ಗೆ ತೆಗೆದರಾಯಿತು ಅಂತ ಬಿಡಬೇಡಿ.

15ರ ಮಧ್ಯಾಹ್ನದ ಮೇಲೆ ಬ್ಯಾರಿಕೇಡ್ ಸರಿಸಿ ಮಕ್ಕಳನ್ನು ಒಳಗೆ ಬಿಡಿ. ಉಳಿದ ತುಂಡುಗಳನ್ನು ಅವರ ಕೈಗೇ ಕೊಡಿ, ಸುತ್ತ ಏನು ಬೇಕಾದರೂ ಬರೆಯಲಿ. ಸಂಜೆ ವಾಹನ ಬಿಡುವ ಮೊದಲು ಗಟ್ಟಿಯಾಗಿ ಬಣ್ಣ ಕೂತ ಜಾಗವನ್ನು ಒಣ ಪೊರಕೆಯಿಂದ ಗುಡಿಸಿ ಪುಡಿಯನ್ನು ಚೀಲಕ್ಕೆ ತುಂಬಿ. ಸೀಮೆಸುಣ್ಣದ ಕೆಸರಿನ ಮೇಲೆ ಬೈಕು ಜಾರುತ್ತದೆ. ಮಳೆ ಬರುವ ಲಕ್ಷಣ ಇದ್ದರೆ 16ರವರೆಗೆ ಕಾಯದೆ ಅಂದೇ ತೊಳೆದು ಬಿಡಿ. ಗುಡಿಸಿ ಆಮೇಲೆ ನೀರು ಹಾಕಿ. ಮೊದಲೇ ನೀರು ಹಾಕಿದರೆ ಪುಡಿಯೆಲ್ಲ ಮೋರಿ ಕಟ್ಟುತ್ತದೆ.

ಈಗ ಮಾಡಬೇಕಾದ ಮೊದಲ ಕೆಲಸ ಒಂದೇ. ನಾಳೆ ಬೆಳಗ್ಗೆ ಗಾಡಿಗಳ ಓಡಾಟ ಶುರುವಾಗುವ ಮೊದಲು ಇಬ್ಬರು ಸರ್ಕಲ್ಲಿಗೆ ಹೋಗಿ. ಒಂದು ಬಕೆಟ್ ನೀರು, ಒಂದು ಡಬ್ಬ ಚಾಕ್‌ಪೀಸ್, ಒಂದು ಅಳತೆ ಟೇಪು. ನೀರು ಸುರಿಯಿರಿ, ಒಣಗಿದ ಕಡೆ ಒಂದು ಅಡಿಯ ಚೌಕ ತುಂಬಿ, ಎಣಿಸಿ. ನೀರು ಹರಿದ ದಿಕ್ಕು, ನೆಲದ ಫೋಟೋ, ಚೌಕದ ಲೆಕ್ಕ ಮೂರನ್ನೂ ನನಗೆ ಬರೆದು ಕಳಿಸಿ. ಬಾಗಿಲನ್ನು ಯಾವ ಕಡೆಗೆ ಮುಖ ಮಾಡಿಸಬೇಕು ಅಂತ ಆಮೇಲೆ ಸೇರಿ ತೀರ್ಮಾನಿಸೋಣ.